ಆಟಿಯ ಐದು ಆದಿತ್ಯವಾರ: ಐರ್ಲೆಂಡಿನ ಕತೆ ಓದಿಸುವ ಬಗೆ

ಚೆನ್ನೆಮಣೆ ಎರಡು ಬೇಕು. ಒಂದು ನಿಮ್ಮ ಮನೆಯದ್ದು, ಇನ್ನೊಂದು ನೆರೆಮನೆಯಿಂದ ಕೇಳಿ ತಂದದ್ದಾದರೂ ಆಯಿತು. ಮಣೆಗೆ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಎರಡರದ್ದೂ ಸೇರಿ 112. ಅದರಲ್ಲಿ 105 ಕಾಯಿಗೆ ನಾಲ್ಕನೇ ವಾರ ಕೆಲಸ ಉಂಟು. ಉಳಿದ ಏಳನ್ನು ಸಣ್ಣ ಪೊಟ್ಟಣ ಕಟ್ಟಿ ಬೇರೆ ಇಡಿ, ಅವು ಐದನೇ ವಾರಕ್ಕೆ. ಗೋಡೆಗೆ ಅಂಟಿಸಲು ದೊಡ್ಡ ಕ್ಯಾಲೆಂಡರಿನ ಹಿಂಬದಿ, ಎರಡು ಬಣ್ಣದ ಪೆನ್ಸಿಲು, ಹಳೇ ಮದುವೆ ಕಾಗದ ಕತ್ತರಿಸಿ ಮಾಡಿದ ಮೂವತ್ತು ಚೀಟಿ. ಐರ್ಲೆಂಡಿನ ಸ್ವಾತಂತ್ರ್ಯದ ಕತೆಯನ್ನು ಒಂದು ಜಗಲಿಯಲ್ಲಿ ಕೂತು ಓದಿಸಲು ಇಷ್ಟು ಸಾಮಾನು ಸಾಕು.

ನಾನು ಉಡುಪಿ ಕಡೆಯ ಮತ್ತು ಮಂಗಳೂರಿನ ಹೈಸ್ಕೂಲುಗಳಲ್ಲಿ ಮೂವತ್ತೊಂದು ವರ್ಷ ಸಮಾಜ ಕಲಿಸಿದವಳು. ನಿವೃತ್ತಿಯಾದ ಮೇಲೆ ಅಶೋಕನಗರದ ನಮ್ಮ ಮನೆಯಲ್ಲಿ ಆಟಿ ತಿಂಗಳ ಆದಿತ್ಯವಾರಗಳಲ್ಲಿ ಒಂಬತ್ತು ಹತ್ತು ಮಂದಿ ಸೇರಿ ಒಂದು ದೇಶದ ಚರಿತ್ರೆ ಓದುತ್ತೇವೆ. ಆಟಿಯಲ್ಲಿ ಮದುವೆ, ಗೃಹಪ್ರವೇಶ ಇಲ್ಲ, ಹೊರಗೆ ಮಳೆ, ಹಾಗಾಗಿ ಜನ ಸಿಗುತ್ತಾರೆ. ಡಿಗ್ರಿ ಓದುವ ಹುಡುಗಿಯರು ಬರುತ್ತಾರೆ, ಬ್ಯಾಂಕಿನಿಂದ ನಿವೃತ್ತರಾದ ನೆರೆಯವರು ಬರುತ್ತಾರೆ, ಕಾಸರಗೋಡಿನಿಂದ ರೈಲು ಹತ್ತಿ ಒಬ್ಬ ಕನ್ನಡ ಲೆಕ್ಚರರ್ ಬರುತ್ತಾರೆ. ಐರ್ಲೆಂಡನ್ನು ನಾವು ಎರಡು ಸಲ ಓದಿದ್ದೇವೆ. ಮೊದಲ ಸಲ ನಾನೇ ತಪ್ಪು ಮಾಡಿದೆ. ನಮ್ಮ ಸ್ವಾತಂತ್ರ್ಯ ಹೋರಾಟದ ಅಚ್ಚಿಗೇ ಅದನ್ನೂ ಎರಕ ಹೊಯ್ದೆ: ಇತ್ತ ಐರಿಷರು, ಅತ್ತ ಬ್ರಿಟಿಷರು, ನಡುವೆ ಹೋರಾಟ, ಕೊನೆಗೆ ಗೆಲುವು. ನಾಲ್ಕನೇ ವಾರ ಒಬ್ಬಳು ಹುಡುಗಿ ನಕಾಶೆಯ ಮುಂದೆ ನಿಂತು, "ಟೀಚರ್, ಗೆದ್ದದ್ದಾದರೆ ಈ ಮೇಲಿನ ತುಂಡು ಯಾಕೆ ಬ್ರಿಟಿಷರ ಹತ್ತಿರವೇ ಉಳಿಯಿತು?" ಎಂದು ಕೇಳಿದಳು. ಬ್ರಿಟಿಷರು ಒಡೆದರು ಎಂಬ ಒಂದು ಸಾಲು ಬಿಟ್ಟು ನನ್ನಲ್ಲಿ ಉತ್ತರ ಇರಲಿಲ್ಲ. ಅವಳಿಗೆ ಸಮಾಧಾನ ಆಗಲಿಲ್ಲ, ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬ್ರಿಟನ್ನಿನ ಜೊತೆಗೇ ಇರಬೇಕೆಂದು ಪ್ರಾಣ ಕೊಡಲೂ ತಯಾರಿದ್ದ ಲಕ್ಷಾಂತರ ಐರ್ಲೆಂಡಿನವರನ್ನು ನಾನು ಜಗಲಿಗೇ ಹತ್ತಿಸಿರಲಿಲ್ಲ. ಇಲ್ಲಿ ಬರೆಯುತ್ತಿರುವುದು ಎರಡನೇ ಸಲ, ತಿದ್ದಿಕೊಂಡು ಓದಿಸಿದ ಕ್ರಮ.

ಮೊದಲ ವಾರ ಡಬ್ಲಿನ್‌ನಿಂದ ಹೊರಡಬೇಡಿ, ಮಂಗಳೂರಿನಿಂದ ಹೊರಡಿ. 1919–20ರಲ್ಲಿ ಇಲ್ಲಿಯ ನ್ಯಾಷನಲ್ ಗರ್ಲ್ಸ್ ಸ್ಕೂಲಿಗೆ ಮೊದಲ ಮುಖ್ಯಸ್ಥೆಯಾಗಿದ್ದವರು ಮಾರ್ಗರೆಟ್ ಕಸಿನ್ಸ್. ರಾಸ್‌ಕಾಮನ್ ಕೌಂಟಿಯ ಬಾಯ್ಲ್ ಎಂಬ ಊರಿನವರು, ಪ್ರಾಟೆಸ್ಟೆಂಟ್ ಮನೆತನ. 1908ರಲ್ಲಿ ಡಬ್ಲಿನ್‌ನಲ್ಲಿ ಹೆಂಗಸರ ಮತದ ಹಕ್ಕಿಗಾಗಿ ಸಂಘ ಕಟ್ಟಿದರು, ಸರಕಾರಿ ಕಟ್ಟಡದ ಕಿಟಕಿ ಗಾಜು ಒಡೆದು ಜೈಲಿಗೆ ಹೋದರು, 1915ರಲ್ಲಿ ಗಂಡ ಜೇಮ್ಸ್ ಜೊತೆ ಇಂಡಿಯಾಕ್ಕೆ ಬಂದರು. ಮಂಗಳೂರಿನಲ್ಲೇ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಲ್ಲುವಂತೆ ಹಿಂದೆ ನಿಂತು ಹುರಿದುಂಬಿಸಿದವರೂ ಇವರೇ. ಇವರ ಕತೆ ಹೇಳುವಾಗ ಒಂದು ಮಾತು ಬಿಡಬೇಡಿ. 1912ರಲ್ಲಿ ಹೆಂಗಸರ ಮತದ ಮಸೂದೆ ಲಂಡನ್ ಪಾರ್ಲಿಮೆಂಟಿಗೆ ಬಂದಾಗ ಅದನ್ನು ಬೀಳಿಸಲು ಕೈ ಜೋಡಿಸಿದವರಲ್ಲಿ ಐರ್ಲೆಂಡಿನ ರಾಷ್ಟ್ರೀಯವಾದಿ ಸದಸ್ಯರೂ ಇದ್ದರು. ಐರ್ಲೆಂಡಿಗೆ ಒಳಾಡಳಿತದ ಸ್ವಂತ ಪಾರ್ಲಿಮೆಂಟ್ ಕೊಡುವ ತಮ್ಮ ಹೋಂ ರೂಲ್ ಮಸೂದೆಗೆ ಅಡ್ಡಿಯಾದೀತೆಂಬ ಹೆದರಿಕೆ ಅವರಿಗೆ. ರಾಷ್ಟ್ರೀಯವಾದಿ ಎಂಬ ಒಂದೇ ಹಣೆಪಟ್ಟಿಯ ಒಳಗೆ ಎಷ್ಟು ಬಗೆಯ ಜನ ಇದ್ದರು ಎಂಬುದು ಕೇಳುವವರಿಗೆ ಮೊದಲ ದಿನವೇ ಗೊತ್ತಾಗಬೇಕು.

ಆಮೇಲೆ ನಕಾಶೆ. ಇಡೀ ದ್ವೀಪ ನಮ್ಮ ಕರ್ನಾಟಕದ ಅರ್ಧಕ್ಕಿಂತ ಸಣ್ಣದು, 32 ಕೌಂಟಿ. ಮೇಲಿನ ಅಲ್ಸ್ಟರ್ ಪ್ರಾಂತ್ಯದಲ್ಲಿ ಒಂಬತ್ತು. ಅದಕ್ಕೆ ಒಂದು ಬಣ್ಣದಲ್ಲಿ ಗೆರೆ ಎಳೆಯಿರಿ. ಆ ಒಂಬತ್ತರಲ್ಲಿ ಆರಕ್ಕೆ, ಅಂದರೆ ಆಂಟ್ರಿಮ್, ಡೌನ್, ಆರ್ಮಾ, ಡೆರ್ರಿ, ಟಿರೋನ್, ಫರ್ಮಾನಾಗಳಿಗೆ ಇನ್ನೊಂದು ಬಣ್ಣ ಹಾಕಿ. ಇವತ್ತಿನ ಉತ್ತರ ಐರ್ಲೆಂಡ್ ಎಂದರೆ ಈ ಆರು. ಡೊನೆಗಲ್, ಕ್ಯಾವನ್, ಮೊನಾಹನ್ ಅಲ್ಸ್ಟರಿಗೆ ಸೇರಿದ್ದರೂ ಗಡಿಯ ಈಚೆ ಉಳಿದವು. ಒಂಬತ್ತರಲ್ಲಿ ಮೂರನ್ನು ಯಾಕೆ ಬಿಟ್ಟರು ಎಂಬ ಪ್ರಶ್ನೆಯನ್ನು ಇವತ್ತೇ ಕೇಳಿಸಿ, ಉತ್ತರವನ್ನು ಐದನೇ ವಾರದವರೆಗೆ ಹಿಡಿದಿಡಿ.

ಹೆಸರಿನ ವಿಷಯಕ್ಕೆ ನಮ್ಮೂರಿನವರಿಗೆ ಪಾಠ ಬೇಡ. ಕನ್ನಡದಲ್ಲಿ ಮಂಗಳೂರು, ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ, ಮಲಯಾಳದಲ್ಲಿ ಮಂಗಲಾಪುರಂ. ಯಾವ ಹೆಸರು ಹೇಳಿದರೂ ಬಸ್ಸು ಅದೇ ಸ್ಟ್ಯಾಂಡಿಗೆ ಹೋಗುತ್ತದೆ. ಅಲ್ಲಿ ಹಾಗಲ್ಲ. ರಾಷ್ಟ್ರೀಯವಾದಿಗಳು ಡೆರ್ರಿ ಅನ್ನುವ ಊರನ್ನು ಬ್ರಿಟನ್ನಿನ ಜೊತೆಗೇ ಇರಬೇಕೆನ್ನುವ ಯೂನಿಯನ್‌ವಾದಿಗಳು ಲಂಡನ್‌ಡೆರ್ರಿ ಅನ್ನುತ್ತಾರೆ. ಹೆಸರಿನ ಮುಂದೆ ಲಂಡನ್ ಅಂಟಿಕೊಂಡದ್ದು 1613ರ ರಾಜಶಾಸನದಿಂದ. ಬಾಯಿಂದ ಊರಿನ ಹೆಸರು ಬಿದ್ದ ಕೂಡಲೆ ನೀವು ಯಾವ ಕಡೆಯವರು ಎಂದು ಎದುರಿನವರು ಅಂದಾಜು ಮಾಡುತ್ತಾರೆ. ಉಚ್ಚಾರಣೆಗೆ ಕನ್ನಡ ಲಿಪಿ ಒಳ್ಳೆಯ ಸಹಾಯ. ಇಂಗ್ಲಿಷ್ ಅಕ್ಷರ ನೋಡಿ ಓದಿದರೆ ನಾಲಿಗೆ ತಪ್ಪುತ್ತದೆ, ಚೀಟಿಯಲ್ಲಿ ಕನ್ನಡದಲ್ಲೇ ಶಿನ್ ಫೇನ್ ಎಂದು ಬರೆದಿಡಿ. ಅದು ಅಲ್ಲಿಯ ರಾಷ್ಟ್ರೀಯವಾದಿಗಳ ಒಂದು ಪಕ್ಷ, ನಾವೇ ಎಂದು ಹೆಸರಿನ ಅರ್ಥ.

ಇನ್ನು ಚೀಟಿಯ ನಿಯಮ. ಇಡೀ ಕ್ರಮದ ಜೀವ ಇದರಲ್ಲಿ ಉಂಟು. ಒಬ್ಬರ ಹೆಸರು ಬಂದಾಗಲೆಲ್ಲ ಚೀಟಿಯ ಮುಂಬದಿಗೆ ಹೆಸರು ಬರೆಯಿರಿ. ಹಿಂಬದಿಗೆ ಒಂದೇ ಸಾಲು: ಇವರಿಗೆ ಏನನ್ನು ಕಳೆದುಕೊಳ್ಳುವ ಹೆದರಿಕೆ ಇತ್ತು? ಒಳ್ಳೆಯವರೋ ಕೆಟ್ಟವರೋ ಎಂದು ಯಾರೂ ಬರೆಯಬಾರದು. ಮೊದಲ ಸಲ ನಾವು ಗುಣ ದೋಷದ ಪಟ್ಟಿ ಮಾಡಿದ್ದೆವು, ಅದರಿಂದಲೇ ದಾರಿ ತಪ್ಪಿದ್ದು.

ಎರಡನೇ ವಾರ ಭೂಮಿ. ದಕ್ಷಿಣ ಕನ್ನಡದವರಿಗೆ ಇದನ್ನು ವಿವರಿಸುವಷ್ಟು ಸುಲಭ ಬೇರೆ ಯಾರಿಗೂ ಇಲ್ಲ. ನಿಮ್ಮ ಗುಂಪಿನ ಹಿರಿಯರಲ್ಲಿ ಚಾಲಗೇಣಿಗೂ ಮೂಲಗೇಣಿಗೂ ಎಂತ ವ್ಯತ್ಯಾಸ ಎಂದು ಕೇಳಿ. ಮೂಲಗೇಣಿಯ ಒಕ್ಕಲನ್ನು ಎಬ್ಬಿಸಲಾಗದು. ಚಾಲಗೇಣಿಯವನು ಧಣಿಯ ಮರ್ಜಿಯಲ್ಲಿ ಬದುಕುವವನು. 19ನೇ ಶತಮಾನದ ಐರ್ಲೆಂಡಿನ ಹೆಚ್ಚಿನ ರೈತರು ಚಾಲಗೇಣಿಯವರಂತೆಯೇ ಇದ್ದರು ಎಂದರೆ ಸಾಕು, ಕೂತವರು ತಲೆದೂಗುತ್ತಾರೆ. 1801ರ ಜನವರಿ 1ರಿಂದ ಐರ್ಲೆಂಡಿಗೆ ಸ್ವಂತ ಪಾರ್ಲಿಮೆಂಟ್ ಇಲ್ಲ, ಲಂಡನ್ನಿನಲ್ಲೇ ಎಲ್ಲ ತೀರ್ಮಾನ. 1845ರಲ್ಲಿ ಬಟಾಟೆಗೆ ರೋಗ ಬಿತ್ತು. ಬಡವರು ತಿನ್ನುತ್ತಿದ್ದದ್ದು ಅದೊಂದನ್ನೇ. ಧಾನ್ಯ ಬೆಳೆಯುತ್ತಿತ್ತು, ಆದರೆ ಅದು ಗೇಣಿ ಕಟ್ಟಲಿಕ್ಕೆ. ಜನ ಸಾಯುತ್ತಿದ್ದಾಗಲೂ ಬಂದರಿನಿಂದ ಧಾನ್ಯ ಹೊರಗೆ ಹೋಗುತ್ತಿತ್ತು. ಸುಮಾರು ಹತ್ತು ಲಕ್ಷ ಮಂದಿ ಸತ್ತರು, ಇನ್ನೂ ಸುಮಾರು ಹತ್ತು ಲಕ್ಷ ಹಡಗು ಹತ್ತಿದರು. 1841ರ ಜನಗಣತಿಯಲ್ಲಿ 82 ಲಕ್ಷ ಇದ್ದವರು 1851ರಲ್ಲಿ 65 ಲಕ್ಷ. ಈ ಎರಡು ಅಂಕಿ ಹೇಳಿ ಸ್ವಲ್ಪ ಹೊತ್ತು ಸುಮ್ಮನಿರಿ.

ಮೈಕೆಲ್ ಡ್ಯಾವಿಟ್‌ಗೆ ಒಂದು ಚೀಟಿ ಬೇಕೇ ಬೇಕು. ನಾಲ್ಕು ವರ್ಷದ ಮಗುವಾಗಿದ್ದಾಗ ಮೇಯೋ ಕೌಂಟಿಯ ಮನೆಯಿಂದ ಸಂಸಾರವನ್ನು ಹೊರಹಾಕಿದರು. ಇಂಗ್ಲೆಂಡಿನ ಹತ್ತಿ ಗಿರಣಿಯಲ್ಲಿ ದುಡಿಯುತ್ತಾ ಹನ್ನೊಂದನೇ ವಯಸ್ಸಿಗೆ ಬಲಗೈ ಕಳೆದುಕೊಂಡರು. 1879ರಲ್ಲಿ ಲ್ಯಾಂಡ್ ಲೀಗ್ ಕಟ್ಟಿದ್ದು ಇವರೇ; ಅದರ ಅಧ್ಯಕ್ಷರಾದವರು ಚಾರ್ಲ್ಸ್ ಪಾರ್ನೆಲ್, ಸ್ವತಃ ಪ್ರಾಟೆಸ್ಟೆಂಟ್ ಜಮೀನುದಾರರು. ಮರುವರ್ಷ ಅದೇ ಮೇಯೋದಲ್ಲಿ ಕ್ಯಾಪ್ಟನ್ ಬಾಯ್ಕಾಟ್ ಎಂಬ ಧಣಿಯ ಏಜೆಂಟನಿಗೆ ಊರವರು ಕೊಯ್ಲಿಗೆ ಹೋಗಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ, ಅಂಚೆ ಮುಟ್ಟಿಸಲಿಲ್ಲ. ಅಲ್ಸ್ಟರಿನಿಂದ ಐವತ್ತು ಮಂದಿ ಬಂದು ಸೈನಿಕರ ಕಾವಲಿನಲ್ಲಿ ಬೆಳೆ ಕಿತ್ತರು. ನಾವು ದಿನಾ ಬಳಸುವ ಬಾಯ್ಕಾಟ್ ಎಂಬ ಶಬ್ದ ಆ ಮನುಷ್ಯನ ಹೆಸರು ಎಂದಾಗ ಹುಡುಗಿಯರ ಮುಖ ನೋಡಬೇಕು. 1881ರ ಕಾಯಿದೆಯಿಂದ ನ್ಯಾಯದ ಗೇಣಿ, ಒಕ್ಕಲೆಬ್ಬಿಸದ ಭರವಸೆ ಸಿಕ್ಕಿತು. 1903ರ ಕಾಯಿದೆಯಿಂದ ಸರಕಾರದ ಸಾಲದಲ್ಲಿ ಒಕ್ಕಲುಗಳೇ ಭೂಮಿ ಕೊಳ್ಳುವಂತಾಯಿತು. 1974ರ ಭೂಸುಧಾರಣೆಯ ನಂತರ ಡಿಕ್ಲರೇಶನ್ ಕೊಟ್ಟು ಭೂಮಿ ಪಡೆದ ಮನೆಯವರು ಗುಂಪಿನಲ್ಲಿದ್ದರೆ ಈಗ ಅವರಿಗೆ ಮಾತು ಬಿಟ್ಟುಕೊಡಿ. ನಮ್ಮಲ್ಲಿ ಆ ಸಂಜೆ ಭೂಮಿ ಪಡೆದ ಮನೆಯವರೂ ಕಳೆದುಕೊಂಡ ಮನೆಯವರೂ ಒಂದೇ ಚಾಪೆಯಲ್ಲಿದ್ದರು. ಗೋಳಿಬಜೆ ತಣ್ಣಗಾಯಿತು, ಮಾತು ನಿಲ್ಲಲಿಲ್ಲ. ಮೂರನೇ ವಾರಕ್ಕೆ ಅದೇ ದೊಡ್ಡ ತಯಾರಿ ಎಂದು ಆಮೇಲೆ ಗೊತ್ತಾಯಿತು.

ಮೂರನೇ ವಾರ ಯೂನಿಯನ್‌ವಾದಿಗಳದ್ದು. ಮೂರು ಗಂಟೆ ಬೇಕಾದರೂ ಕೊಡಿ, ಅವಸರ ಮಾಡಬೇಡಿ. ನಮ್ಮೂರಿನಲ್ಲಿ ಕ್ಯಾಥೊಲಿಕರೂ ಉಂಟು, ಬಾಸೆಲ್ ಮಿಶನ್ನಿನ ಕಾಲದಿಂದ ಬಂದ ಪ್ರಾಟೆಸ್ಟೆಂಟರೂ ಉಂಟು. ಹಾಗಾಗಿ ಅಲ್ಲಿಯದ್ದು ಪೂಜಾವಿಧಿಯ ಜಗಳ ಇರಬೇಕೆಂದು ಕೇಳುವವರಿಗೆ ಮೊದಲು ಅನ್ನಿಸುತ್ತದೆ. ಮಣ್ಣಿನಿಂದ ಶುರು ಮಾಡಿ. 1609ರಿಂದ ಅಲ್ಸ್ಟರಿನ ಭೂಮಿಯನ್ನು ಐರಿಷರಿಂದ ಕಿತ್ತು ಸ್ಕಾಟ್ಲೆಂಡ್, ಇಂಗ್ಲೆಂಡಿನಿಂದ ಬಂದ ಪ್ರಾಟೆಸ್ಟೆಂಟರಿಗೆ ಹಂಚಿದರು. ಭೂಮಿ ಹೋದವರಿಗೆ ಅದು ಆರದ ಗಾಯ. 1641ರಲ್ಲಿ ದಂಗೆ ಎದ್ದಾಗ ವಲಸೆಗಾರರ ಹತ್ಯೆಯೂ ನಡೆಯಿತು. ಅವರ ಮಕ್ಕಳು ಮೊಮ್ಮಕ್ಕಳಿಗೆ ಅದು ಮರೆಯದ ಭಯ. 1689ರಲ್ಲಿ ಕ್ಯಾಥೊಲಿಕ್ ದೊರೆ ಜೇಮ್ಸ್‌ನ ಸೈನ್ಯ ಡೆರ್ರಿಯ ಕೋಟೆಯನ್ನು 105 ದಿನ ಮುತ್ತಿತ್ತು. ಒಳಗಿದ್ದವರು ಹಸಿದರೂ ಬಾಗಿಲು ತೆರೆಯಲಿಲ್ಲ. ಮರುವರ್ಷ ಬಾಯ್ನ್ ನದಿಯ ಬಳಿ ಪ್ರಾಟೆಸ್ಟೆಂಟ್ ದೊರೆ ಆರೆಂಜಿನ ವಿಲಿಯಂ ಗೆದ್ದ. ಪ್ರತಿ ಜುಲೈ 12ರಂದು ಕಿತ್ತಳೆ ಬಣ್ಣದ ಪಟ್ಟಿ ತೊಟ್ಟು ಮೆರವಣಿಗೆ ಹೊರಡುವವರ ಮನಸ್ಸಿನಲ್ಲಿ ಆ ಮುತ್ತಿಗೆ ಇನ್ನೂ ಮುಗಿದಿಲ್ಲ.

ಇಪ್ಪತ್ತನೇ ಶತಮಾನಕ್ಕೆ ಬಂದಾಗ ಬೆಲ್‌ಫಾಸ್ಟನ್ನು ತೋರಿಸಿ. ಹಡಗು ಕಟ್ಟುವ ಅಂಗಳ, ಲಿನನ್ ಗಿರಣಿ. ಟೈಟಾನಿಕ್ ನೀರಿಗಿಳಿದದ್ದು ಅಲ್ಲಿ, 1911ರಲ್ಲಿ. ಅವರ ಮಾರುಕಟ್ಟೆ ಇಡೀ ಸಾಮ್ರಾಜ್ಯ. ಡಬ್ಲಿನ್‌ನಲ್ಲಿ ರೈತರ, ಕ್ಯಾಥೊಲಿಕರ ಬಹುಮತದ ಪಾರ್ಲಿಮೆಂಟ್ ಬಂದರೆ ತಮ್ಮ ಕಸುಬಿಗೂ ಧರ್ಮಕ್ಕೂ ಕುತ್ತು ಎಂದು ಅವರು ನಿಜವಾಗಿಯೂ ನಂಬಿದ್ದರು. ಹೋಂ ರೂಲ್ ಮಸೂದೆ 1886ರಲ್ಲಿ ಕೆಳಮನೆಯಲ್ಲಿ ಬಿತ್ತು, 1893ರಲ್ಲಿ ಮೇಲ್ಮನೆಯಲ್ಲಿ ಬಿತ್ತು. 1911ರ ಕಾಯಿದೆಯಿಂದ ಮೇಲ್ಮನೆಗೆ ಮಸೂದೆಯನ್ನು ತಡಮಾಡುವ ಶಕ್ತಿ ಮಾತ್ರ ಉಳಿಯಿತು, ಕೊಲ್ಲುವ ಶಕ್ತಿ ಹೋಯಿತು. ಈ ಒಂದು ಕೊಂಡಿ ತಪ್ಪಿದರೆ 1912ರ ಕೋಪ ಅರ್ಥವಾಗುವುದಿಲ್ಲ. ಮೂರನೇ ಮಸೂದೆ ಈ ಸಲ ಪಾಸಾಗಿಯೇ ತೀರುತ್ತದೆ ಎಂದು ಗೊತ್ತಾದಾಗ ಸೆಪ್ಟೆಂಬರ್ 28ರಂದು ಯೂನಿಯನ್‌ವಾದಿಗಳ ನಾಯಕ ಎಡ್ವರ್ಡ್ ಕಾರ್ಸನ್ ಮೊದಲ ಸಹಿ ಹಾಕಿದರು, ಹಿಂದೆಯೇ ಸಾಲು ನಿಂತಿತು. ಹೋಂ ರೂಲನ್ನು ಏನಾದರೂ ತಡೆಯುತ್ತೇವೆ ಎಂಬ ಪ್ರತಿಜ್ಞೆಗೆ ಗಂಡಸರು ಸುಮಾರು 2,37,000, ಬೇರೆ ಪತ್ರಕ್ಕೆ ಹೆಂಗಸರು ಸುಮಾರು 2,34,000. ಮತದ ಹಕ್ಕೇ ಇಲ್ಲದ ಹೆಂಗಸರು ಅಷ್ಟು ಮಂದಿ ಸಹಿ ಹಾಕಿದರು. ಮಾರ್ಗರೆಟ್ ಕಸಿನ್ಸ್‌ರ ಚೀಟಿಯ ಪಕ್ಕಕ್ಕೆ ಇವರದ್ದನ್ನೂ ಇಡಿ.

ಕಾರ್ಸನ್ ಡಬ್ಲಿನ್‌ನಲ್ಲಿ ಹುಟ್ಟಿದವರು ಎಂಬುದನ್ನು ಹೇಳಲು ಮರೆಯಬೇಡಿ. ಅವರಿಗೆ ಬೇಕಾಗಿದ್ದದ್ದು ಇಡೀ ಐರ್ಲೆಂಡ್ ಬ್ರಿಟನ್ನಿನ ಜೊತೆ ಇರುವುದು, ಆರು ಕೌಂಟಿಯ ತುಂಡಲ್ಲ. ನಮ್ಮ ಗುಂಪಿನ ಬ್ಯಾಂಕಿನವರು ಅವರ ಚೀಟಿಯ ಹಿಂದೆ, "ಹುಟ್ಟಿದ ಊರೇ ಪರದೇಶ ಆದೀತೆಂಬ ಹೆದರಿಕೆ" ಎಂದು ಬರೆದರು. ಕೊನೆಗೆ ಆದದ್ದೂ ಹಾಗೆಯೇ.

ಬಂದೂಕು ಮೊದಲು ಹಿಡಿದವರು ಯಾರು ಎಂಬ ಪ್ರಶ್ನೆ ಬಂದೇ ಬರುತ್ತದೆ. ದಿನಾಂಕ ಇಟ್ಟು ಉತ್ತರಿಸಿ. ಅಲ್ಸ್ಟರ್ ವಾಲಂಟಿಯರ್ ಫೋರ್ಸ್ 1913ರ ಜನವರಿ, ಅದನ್ನು ನೋಡಿ ರಾಷ್ಟ್ರೀಯವಾದಿಗಳು ಕಟ್ಟಿದ ಐರಿಷ್ ವಾಲಂಟಿಯರ್ಸ್ ಅದೇ ವರ್ಷ ನವೆಂಬರ್. 1914ರ ಏಪ್ರಿಲ್‌ನಲ್ಲಿ ಯೂನಿಯನ್‌ವಾದಿಗಳು ಕದ್ದು ಇಳಿಸಿದ ಕೋವಿ ಸುಮಾರು 25,000, ಜುಲೈಯಲ್ಲಿ ರಾಷ್ಟ್ರೀಯವಾದಿಗಳು ಇಳಿಸಿದ್ದು ಸುಮಾರು 900. ಆಗಸ್ಟಿನಲ್ಲಿ ಮಹಾಯುದ್ಧ ಬಂತು, ಹೋಂ ರೂಲ್ ಕಾಯಿದೆ ಪಾಸಾದರೂ ಕಪಾಟಿಗೆ ಹೋಯಿತು. ಎರಡೂ ಕಡೆಯ ಹುಡುಗರು ಬ್ರಿಟಿಷ್ ಸಮವಸ್ತ್ರ ತೊಟ್ಟು ಫ್ರಾನ್ಸಿಗೆ ಹೋದರು. 1916ರ ಜುಲೈ 1ರಂದು ಸೊಮ್ ನದಿಯ ಕದನಕ್ಕೆ ಇಳಿದ ಅಲ್ಸ್ಟರ್ ಡಿವಿಷನ್ನಿನಲ್ಲಿ ಎರಡು ದಿನದೊಳಗೆ ಐದು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು, ಗಾಯಗೊಂಡರು ಇಲ್ಲವೇ ಕಾಣೆಯಾದರು. ಇಷ್ಟು ರಕ್ತ ಕೊಟ್ಟ ಮೇಲೆ ನಮ್ಮನ್ನು ಕೈಬಿಡುತ್ತೀರಾ ಎಂದು ಆಮೇಲೆ ಅವರು ಬ್ರಿಟನ್ನನ್ನು ಕೇಳಿದರು. ಆ ಪ್ರಶ್ನೆಯ ಭಾರ ತಿಳಿಯದೆ ಮುಂದಿನ ವಾರಕ್ಕೆ ಹೋಗಬಾರದು.

ನಾಲ್ಕನೇ ವಾರ ಈಸ್ಟರ್ ದಂಗೆ. ಇದರ ರೋಚಕ ಭಾಗಗಳನ್ನು ಹುಡುಗರು ತಾವೇ ಹುಡುಕಿಕೊಂಡು ಬಂದಿರುತ್ತಾರೆ, ಬೇಗ ದಾಟಿಸಿ. 1916ರ ಏಪ್ರಿಲ್ 24, ಡಬ್ಲಿನ್‌ನ ಅಂಚೆ ಕಚೇರಿಯ ಮುಂದೆ ಪ್ಯಾಟ್ರಿಕ್ ಪಿಯರ್ಸ್ ಗಣರಾಜ್ಯದ ಘೋಷಣೆ ಓದಿದರು. ಆರು ದಿನದಲ್ಲಿ ಶರಣಾಗತಿ. ಸತ್ತವರು ನಾನ್ನೂರಕ್ಕೂ ಹೆಚ್ಚು, ಅರ್ಧಕ್ಕಿಂತ ಹೆಚ್ಚು ಮಂದಿ ದಾರಿಹೋಕರು, ಮನೆಮಂದಿ. ಊರವರಲ್ಲಿ ಹಲವರು ಮೊದಲು ಬೈದದ್ದು ದಂಗೆಕೋರರನ್ನು. ಮೇ 3ರಿಂದ 12ರವರೆಗೆ ಬ್ರಿಟಿಷರು ಆರು ಬೇರೆ ಬೇರೆ ದಿನ ಹದಿನೈದು ಮಂದಿ ದಂಗೆಕೋರರನ್ನು ಗುಂಡಿಟ್ಟು ಕೊಂದಾಗ, ಗಾಯದಿಂದ ನಿಲ್ಲಲಾಗದ ಜೇಮ್ಸ್ ಕಾನಲಿಯವರನ್ನು ಕುರ್ಚಿಯಲ್ಲಿ ಕೂರಿಸಿ ಕೊಂದಾಗ, ಮನಸ್ಸು ತಿರುಗಿತು. ಆಗ ಡಬ್ಲಿನ್‌ನಲ್ಲಿ ಕಾನೂನು ಓದುತ್ತಿದ್ದ ಒಬ್ಬ ತೆಲುಗು ವಿದ್ಯಾರ್ಥಿ ವಿ. ವಿ. ಗಿರಿ. ಮುಂದೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರು, ಆಮೇಲೆ ರಾಷ್ಟ್ರಪತಿ.

ಈಗ ಕಾಯಿ ತನ್ನಿ. 1918ರ ಡಿಸೆಂಬರ್ ಚುನಾವಣೆ, ಐರ್ಲೆಂಡಿಗೆ 105 ಸ್ಥಾನ. ಒಬ್ಬರು ಎಣಿಸಿ 73 ಕಾಯಿ ಒಂದು ರಾಶಿ ಹಾಕಲಿ, ಅದು ಶಿನ್ ಫೇನ್. 26 ಇನ್ನೊಂದು ರಾಶಿ, ಯೂನಿಯನ್‌ವಾದಿಗಳು. ಆರು ಉಳಿಯಿತು. ನಲುವತ್ತು ವರ್ಷ ಲಂಡನ್ನಿನಲ್ಲಿ ಹೋಂ ರೂಲಿಗಾಗಿ ವಾದಿಸಿದ ಹಳೆಯ ಪಕ್ಷಕ್ಕೆ ಉಳಿದದ್ದು ಆ ಆರೇ ಕಾಯಿ. ಮಾತು ಬೇಡ, ಕಣ್ಣಿಗೇ ಕಾಣುತ್ತದೆ. ಆಮೇಲೆ ಎರಡು ತಿದ್ದುಪಡಿ ಹೇಳಿ. ಒಂದು, 25 ಕಡೆ ಶಿನ್ ಫೇನಿಗೆ ಎದುರಾಳಿಯೇ ಇರಲಿಲ್ಲ. ಬಿದ್ದ ಮತದಲ್ಲಿ ಅವರ ಪಾಲು ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಎರಡು, 26ರ ರಾಶಿಯನ್ನು ನಕಾಶೆಯ ಮೇಲೆ ಅದರದರ ಜಾಗಕ್ಕೆ ಹಂಚಿ. ಹೆಚ್ಚುಕಡಿಮೆ ಎಲ್ಲವೂ ಈಶಾನ್ಯ ಮೂಲೆಗೆ ಹೋಗಿ ಕೂರುತ್ತವೆ. ಹಿಂದಿನ ಸಲ ನನ್ನನ್ನು ಪ್ರಶ್ನೆ ಕೇಳಿದ ಹುಡುಗಿಯ ಕೈಗೇ ಆ ಕಾಯಿಗಳನ್ನು ಕೊಟ್ಟೆ. ಇಟ್ಟು ಮುಗಿಸಿ ಅವಳು ತುಂಬ ಹೊತ್ತು ನೋಡುತ್ತಾ ನಿಂತಳು.

ಐದನೇ ವಾರ. 1919ರ ಜನವರಿ 21ರಂದು ಶಿನ್ ಫೇನಿನವರು ಲಂಡನ್ನಿಗೆ ಹೋಗದೆ ಡಬ್ಲಿನ್‌ನಲ್ಲೇ ಸಭೆ ಸೇರಿದರು. ಅಲ್ಲಿಂದ ಎರಡೂವರೆ ವರ್ಷ ಗೆರಿಲ್ಲಾ ಯುದ್ಧ. ಹೊಂಚುದಾಳಿಗಳ ಪಟ್ಟಿ ಓದಬೇಡಿ, ಎರಡು ಮೂರು ಘಟನೆ ಸಾಕು. 1920ರ ಅಕ್ಟೋಬರ್‌ನಲ್ಲಿ ಕಾರ್ಕ್ ನಗರದ ಮೇಯರ್ ಟೆರೆನ್ಸ್ ಮ್ಯಾಕ್‌ಸ್ವಿನಿ 74 ದಿನ ಉಪವಾಸ ಮಾಡಿ ಲಂಡನ್ ಜೈಲಿನಲ್ಲಿ ತೀರಿಕೊಂಡರು. ಅದೇ ವರ್ಷ ಜೂನ್‌ನಲ್ಲಿ ಜಲಂಧರದಲ್ಲಿದ್ದ ಬ್ರಿಟಿಷ್ ಸೈನ್ಯದ ಐರಿಷ್ ಸಿಪಾಯಿಗಳು, ನಮ್ಮೂರಿನಲ್ಲಿ ಸರಕಾರದ ಪಡೆಗಳು ಜನರ ಮೇಲೆ ದೌರ್ಜನ್ಯ ಮಾಡುತ್ತಿರುವಾಗ ನಾವು ದುಡಿಯುವುದಿಲ್ಲ ಎಂದು ಆಯುಧ ಕೆಳಗಿಟ್ಟರು; ಅದೇ ಪಡೆಯವರಾಗಿ ಸೋಲನ್‌ನಲ್ಲಿ ದಂಗೆ ಎದ್ದ ಜೇಮ್ಸ್ ಡೇಲಿಯನ್ನು ನವೆಂಬರ್ 2ರಂದು ದಗ್‌ಶಾಯಿಯಲ್ಲಿ ಗುಂಡಿಟ್ಟು ಕೊಂದರು. ಬೆಲ್‌ಫಾಸ್ಟಿನ ಹಡಗು ಅಂಗಳದಿಂದ ಸಾವಿರಾರು ಕ್ಯಾಥೊಲಿಕ್ ಕಾರ್ಮಿಕರನ್ನು ಹೊರದಬ್ಬಿದ್ದೂ ಅದೇ ಬೇಸಿಗೆಯಲ್ಲಿ.

ಮೊದಲ ವಾರದ ಪ್ರಶ್ನೆಗೆ ಈಗ ಉತ್ತರ. ಒಂಬತ್ತು ಕೌಂಟಿ ಇಟ್ಟುಕೊಂಡರೆ ಯೂನಿಯನ್‌ವಾದಿಗಳ ಬಹುಮತ ತೀರಾ ತೆಳು, ಆರಾದರೆ ಗಟ್ಟಿ. ಹಾಗಾಗಿ ತಮ್ಮವರೇ ಆದ ಕ್ಯಾವನ್, ಮೊನಾಹನ್, ಡೊನೆಗಲ್ಲಿನ ಯೂನಿಯನ್‌ವಾದಿಗಳನ್ನು ಬಿಟ್ಟುಕೊಟ್ಟರು. ಅವರೂ 1912ರಲ್ಲಿ ಅದೇ ಪ್ರತಿಜ್ಞೆಗೆ ಸಹಿ ಹಾಕಿದ್ದವರು. ಆರರ ಒಳಗೆ ಮೂರನೇ ಒಂದರಷ್ಟು ಕ್ಯಾಥೊಲಿಕರು ಒಲ್ಲದ ಮನಸ್ಸಿನಿಂದ ಉಳಿದರು. ಇಲ್ಲಿ ನಮ್ಮ ಕಾಸರಗೋಡಿನ ಲೆಕ್ಚರರ್ ಮಾತಾಡಿದರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದಿತು, ಗೆರೆ ಮಾತ್ರ ಕದಲಲಿಲ್ಲ. ಐರ್ಲೆಂಡಿನಲ್ಲೂ ಗಡಿ ಆಯೋಗ ಕೂತಿತು, 1925ರಲ್ಲಿ ಗಡಿ ಇದ್ದ ಹಾಗೆಯೇ ಉಳಿಯಿತು. "ಆಯೋಗ ಬರುತ್ತದೆ ಎಂದು ಕಾಯುವವರ ಮನಸ್ಸು ನನಗೆ ಗೊತ್ತುಂಟು" ಎಂದರು ಅವರು. ಹೋಲಿಕೆಯನ್ನು ಅಲ್ಲಿಗೆ ನಿಲ್ಲಿಸಿ. ನಮ್ಮದು ಒಂದೇ ದೇಶದ ಒಳಗಿನ ಗೆರೆ. ಅಲ್ಲಿ ಆ ಗೆರೆಯ ಸುತ್ತ 1960ರ ದಶಕದ ಕೊನೆಯಿಂದ ಮೂವತ್ತು ವರ್ಷದಲ್ಲಿ ಸುಮಾರು 3,500 ಮಂದಿ ಪ್ರಾಣ ಕಳೆದುಕೊಂಡರು.

ಕೊನೆಗೆ ಪೊಟ್ಟಣ ಬಿಚ್ಚಿ. 1921ರ ಡಿಸೆಂಬರ್ 6ರಂದು ಲಂಡನ್ನಿನಲ್ಲಿ ಒಪ್ಪಂದ ಆಯಿತು: 26 ಕೌಂಟಿಗೆ ಸ್ವರಾಜ್ಯ, ಆದರೆ ದೊರೆಗೆ ನಿಷ್ಠೆಯ ಪ್ರಮಾಣ. ಡಬ್ಲಿನ್ ಸಭೆಯಲ್ಲಿ ವಾರಗಟ್ಟಲೆ ವಾದ ನಡೆದದ್ದು ಹೆಚ್ಚಾಗಿ ಆ ಪ್ರಮಾಣದ ಮೇಲೆ, ಗಡಿಯ ಮೇಲೆ ತೀರಾ ಕಡಿಮೆ. 1922ರ ಜನವರಿ 7ರಂದು ಮತ ಹಾಕಿದರು. ಪರ 64, ವಿರೋಧ 57. ಏಳು ಕಾಯಿಯನ್ನು ಚಾಪೆಯ ನಡುವೆ ಇಡಿ. ನಾಲ್ವರು ಆಚೆಯಿಂದ ಈಚೆಗೆ ಬಂದಿದ್ದರೆ ಫಲಿತಾಂಶ ತಿರುಗುತ್ತಿತ್ತು. ಜೂನ್‌ನಲ್ಲಿ ಅಂತರ್ಯುದ್ಧ ಶುರುವಾಯಿತು, ನಿನ್ನೆಯವರೆಗೆ ಒಂದೇ ಅಡಗುತಾಣದಲ್ಲಿದ್ದವರು ಎದುರುಬದುರಾದರು. ಒಪ್ಪಂದಕ್ಕೆ ಸಹಿ ಹಾಕಿದ ಮೈಕೆಲ್ ಕಾಲಿನ್ಸ್ ಆಗಸ್ಟ್ 22ರಂದು ತನ್ನದೇ ಕೌಂಟಿಯಲ್ಲಿ ಗುಂಡಿಗೆ ಬಿದ್ದರು, ವಯಸ್ಸು 31. ಹೊಸ ಸರಕಾರ ತನ್ನ ಹಳೇ ಸಂಗಾತಿಗಳಲ್ಲಿ 70ಕ್ಕೂ ಹೆಚ್ಚು ಮಂದಿಗೆ ಮರಣದಂಡನೆ ಕೊಟ್ಟಿತು. ಕಾಲಿನ್ಸ್‌ರದ್ದೂ ಒಪ್ಪಂದ ವಿರೋಧಿಸಿದ ಡಿ ವ್ಯಾಲೆರಾರದ್ದೂ ಚೀಟಿಗಳನ್ನು ಬೇರೆ ಬೇರೆಯವರ ಕೈಗೆ ಕೊಟ್ಟು ಹಿಂಬದಿ ಬರೆಸಿ. ನಮ್ಮಲ್ಲಿ ಇಬ್ಬರು ಹುಡುಗಿಯರು ಒಬ್ಬರನ್ನೊಬ್ಬರು ನೋಡದೆ ಬರೆದದ್ದು ಹೆಚ್ಚುಕಡಿಮೆ ಒಂದೇ ಸಾಲು: ಸತ್ತವರಿಗೆ ಕೊಟ್ಟ ಮಾತು ತಪ್ಪೀತೆಂಬ ಹೆದರಿಕೆ.

1937ರ ಐರ್ಲೆಂಡಿನ ಸಂವಿಧಾನದಿಂದ ನಮ್ಮ ರಾಜ್ಯನೀತಿಯ ನಿರ್ದೇಶಕ ತತ್ವಗಳು ಬಂದದ್ದು, 1998ರ ಏಪ್ರಿಲ್ 10ರ ಶಾಂತಿ ಒಪ್ಪಂದ, ಆ ಮೇ ತಿಂಗಳ ಜನಮತದಲ್ಲಿ ಉತ್ತರದವರು ಶೇ. 71ರಷ್ಟು ಹೌದು ಎಂದದ್ದು, ಇವಕ್ಕೆ ಇನ್ನೊಂದು ಆಟಿ ಬೇಕು. ಕೆಲವು ವರ್ಷ ಆಟಿಯಲ್ಲಿ ನಾಲ್ಕೇ ಆದಿತ್ಯವಾರ ಬರುತ್ತದೆ; ಹಾಗಾದರೆ ಆಟಿಗೆ ಮೊದಲಿನ ಕಾರ್ತೆಲ್ ತಿಂಗಳ ಕೊನೆಯ ವಾರವೇ ನಕಾಶೆ ಬರೆದು ಮುಗಿಸಿ. ಎದ್ದು ಹೋಗುವ ಮೊದಲು ಕಾಯಿಗಳನ್ನು ಎಲ್ಲರೂ ಸೇರಿ ಎಣಿಸಿ, 112 ಆಗಬೇಕು. ಚಾಪೆಯ ಅಡಿ, ನಕಾಶೆಯ ಮೂಲೆ ಎಲ್ಲ ನೋಡಿ. ನೆರೆಮನೆಯ ಮಣೆ ಆಟಿ ಕಳೆದು ಸೋಣ ತಿಂಗಳು ಹುಟ್ಟುವ ಮೊದಲು ಅವರ ಅಟ್ಟ ಸೇರಬೇಕು.